ಎರಡು ಜೊತೆ ದವಡೆಯ ಹಾವುಮೀನು

ಮಕ್ಕಳೇ, ಬೇಸಗೆಯಲ್ಲಿ ಕೆರೆಯ ನೀರು ಇಳಿದಾಗ ಊರಿನವರು ಬಲೆ ಬೀಸಿ ಮೀನು ಹಿಡಿಯುವುದನ್ನು ನೀವು ನೋಡಿರಬಹುದು. ಬಲೆಯಲ್ಲಿ ಬಿದ್ದ ಮೀನುಗಳ ನಡುವೆ ಒಮ್ಮೊಮ್ಮೆ ಉದ್ದನೆಯ, ನುಣುಪು ಮೈಯ, ಹಾವಿನಂತೆ ನುಲಿಯುವ ಒಂದು ಪ್ರಾಣಿ ಇರುತ್ತದೆ. "ಹಾವು! ಹಾವು!" ಎಂದು ಕೆಲವರು ಹಿಂದೆ ಸರಿಯುತ್ತಾರೆ. ಕೆಲವರು ಕೋಲು ಹುಡುಕುತ್ತಾರೆ. ಅನುಭವವಿರುವ ಮೀನುಗಾರರು ಮಾತ್ರ ಹೆದರುವುದಿಲ್ಲ. "ಇದು ಹಾವಲ್ಲ, ಹಾವುಮೀನು" ಎಂದು ಅದನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾರೆ.

ನೋಡಲು ಹಾವಿನಂತಿದ್ದ ಮಾತ್ರಕ್ಕೆ ಒಂದು ಜೀವಿ ಹಾವಾಗುವುದಿಲ್ಲ. ಬಾಯಿ ತೆರೆದು ನಿಂತ ಮಾತ್ರಕ್ಕೆ ಅದು ಕಚ್ಚಲು ಬರುತ್ತಿದೆ ಎಂದೂ ಅರ್ಥವಲ್ಲ. ಈ ಎರಡು ಮಾತುಗಳಿಗೂ ಒಳ್ಳೆಯ ಉದಾಹರಣೆ ಸಮುದ್ರದಲ್ಲಿದೆ. ಅದರ ಹೆಸರು ಮೊರೆ ಹಾವುಮೀನು. ಇದರ ಮೈ ಏಕೆ ಹೀಗಿದೆ, ಇದು ಸದಾ ಬಾಯಿ ತೆರೆದಿರುವುದೇಕೆ, ಇದಕ್ಕೆ ಎರಡು ಜೊತೆ ದವಡೆಗಳು ಏತಕ್ಕೆ ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತ ಹೋಗೋಣ.

ಹಾವೋ, ಮೀನೋ?

ಹಾವಿಗೂ ಮೀನಿಗೂ ಇರುವ ದೊಡ್ಡ ವ್ಯತ್ಯಾಸ ಉಸಿರಾಟದಲ್ಲಿದೆ. ಹಾವು ಶ್ವಾಸಕೋಶದಿಂದ ಉಸಿರಾಡುತ್ತದೆ. ಕೆರೆಯಲ್ಲಿರುವ ನೀರೊಳ್ಳೆ ಹಾವು ಎಷ್ಟೇ ಚೆನ್ನಾಗಿ ಈಜಿದರೂ ಗಾಳಿಗಾಗಿ ಆಗಾಗ ತಲೆಯನ್ನು ನೀರಿನಿಂದ ಮೇಲೆತ್ತಲೇಬೇಕು. ಸಮುದ್ರದಲ್ಲಿರುವ ಕಡಲ ಹಾವುಗಳೂ ಹೀಗೆಯೇ ಮೇಲೆ ಬಂದು ಗಾಳಿ ತೆಗೆದುಕೊಳ್ಳುತ್ತವೆ. ಮೀನಿಗೆ ಕಿವಿರುಗಳಿವೆ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅದು ಕಿವಿರುಗಳ ಮೂಲಕ ಪಡೆಯುತ್ತದೆ. ಹಾವಿಗೆ ಹುರುಪೆಗಳಿರುತ್ತವೆ, ಈಜುರೆಕ್ಕೆಗಳಿರುವುದಿಲ್ಲ. ಹಾವುಮೀನಿಗೆ ಬೆನ್ನಿನ ಉದ್ದಕ್ಕೂ ಪಟ್ಟಿಯಂಥ ಈಜುರೆಕ್ಕೆ ಇರುತ್ತದೆ.

ಹಾಸನ ಜಿಲ್ಲೆಯ ಹೇಮಾವತಿ ನದಿಯಲ್ಲಿ, ಅದರ ನೀರು ಹರಿಯುವ ಕೆರೆ ಕಾಲುವೆಗಳಲ್ಲಿ ನಾವು ಹಾವುಮೀನು ಎಂದು ಕರೆಯುವುದು ಸಾಮಾನ್ಯವಾಗಿ ಮುಳ್ಳು ಹಾವುಮೀನನ್ನು. ಇದರ ಮೂತಿ ಚೂಪು. ಬೆನ್ನಿನ ಮೇಲೆ ಸಾಲಾಗಿ ಚಿಕ್ಕ ಮುಳ್ಳುಗಳಿರುತ್ತವೆ. ಇದನ್ನು ಬರಿಗೈಯಲ್ಲಿ ಹಿಡಿದವರಿಗೆ ಆ ಮುಳ್ಳುಗಳ ಪರಿಚಯ ಚೆನ್ನಾಗಿಯೇ ಇರುತ್ತದೆ! ವಿಜ್ಞಾನಿಗಳು ಇದನ್ನು ನಿಜವಾದ ಹಾವುಮೀನುಗಳ ಗುಂಪಿಗೆ ಸೇರಿಸುವುದಿಲ್ಲ. ಇದು ಬೇರೆ ವಂಶದ ಮೀನು. ಕೆಸರಿನಲ್ಲಿ, ಕಲ್ಲುಗಳ ಸಂದಿನಲ್ಲಿ ನುಸುಳುವ ಬದುಕಿಗೆ ಹೊಂದಿಕೊಂಡು ಇದರ ಮೈಯೂ ಉದ್ದವಾಗಿದೆ. ಮೊರೆ ಮಾತ್ರ ನಿಜವಾದ ಹಾವುಮೀನುಗಳ ಗುಂಪಿನದು.

ಮೊರೆ ಎಲ್ಲಿದೆ?

ಕನ್ನಡದಲ್ಲಿ ಮೊರೆ ಎಂದರೆ ಬೇಡಿಕೆ, ಗೋಳು ಎಂಬ ಅರ್ಥವಿದೆ. ಈ ಮೀನಿನ ಹೆಸರಿಗೂ ಆ ಮಾತಿಗೂ ಸಂಬಂಧವಿಲ್ಲ. ಪೋರ್ಚುಗೀಸ್ ಭಾಷೆಯ 'ಮೊರೇಯಾ' ಎಂಬ ಪದದಿಂದ ಈ ಹೆಸರು ಬಂದಿದೆ. ಜಗತ್ತಿನಲ್ಲಿ 200ಕ್ಕೂ ಹೆಚ್ಚು ಜಾತಿಯ ಮೊರೆಗಳಿವೆ. ಕೆಲವು ಗೇಣುದ್ದವೂ ಬೆಳೆಯುವುದಿಲ್ಲ. ದೈತ್ಯ ಮೊರೆ ಎಂಬ ಜಾತಿ 3 ಮೀಟರ್ ಉದ್ದ, 30 ಕಿಲೋಗ್ರಾಂ ತೂಕದವರೆಗೆ ಬೆಳೆಯಬಲ್ಲದು. ಹೆಚ್ಚಿನವು ಬೆಚ್ಚಗಿನ ಸಮುದ್ರಗಳ ಬಂಡೆ ಮತ್ತು ಹವಳದ ದಿಬ್ಬಗಳಲ್ಲಿ ವಾಸಿಸುತ್ತವೆ. ಕೆಲವು ಜಾತಿಗಳು ನದಿ ಸಮುದ್ರ ಸೇರುವ ಅಳಿವೆಗಳ ಕೆಸರಿನಲ್ಲೂ ಇರುತ್ತವೆ.

ಬಾಗೂರಿನ ಕೆರೆಯಲ್ಲಿ ನಿಮಗೆ ಮೊರೆ ಸಿಗದು. ಅದನ್ನು ಕರ್ನಾಟಕದಲ್ಲಿ ಕಾಣಬೇಕಾದರೆ ಘಟ್ಟ ಇಳಿದು ಕರಾವಳಿಗೆ ಹೋಗಬೇಕು. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ ಮುರ್ಡೇಶ್ವರವಿದೆ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಸಾಗಿದರೆ ನೇತ್ರಾಣಿ ಎಂಬ ಸಣ್ಣ ದ್ವೀಪ ಸಿಗುತ್ತದೆ. ನಮ್ಮ ಕರಾವಳಿಯ ಬಹುಭಾಗ ಮರಳು ಮತ್ತು ಕೆಸರಿನ ತಳದ್ದು. ನೇತ್ರಾಣಿಯ ಸುತ್ತ ಮಾತ್ರ ನೀರಿನೊಳಗೆ ದೊಡ್ಡ ಬಂಡೆಗಳೂ ಹವಳಗಳೂ ಇವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅಲ್ಲಿ ಮುಳುಗುವವರು ಬಂಡೆಯ ಬಿರುಕುಗಳಿಂದ ತಲೆ ಹೊರಹಾಕಿರುವ ಮೊರೆಗಳನ್ನು ಕಾಣುತ್ತಾರೆ.

ಮೊರೆಗೆ ಬೇಕಾದುದು ಸಂದು. ಮೈ ತೂರಿಸಿ ಕುಳಿತುಕೊಳ್ಳಲು ಒಂದು ಬಿರುಕು, ಒಂದು ಪೊಟರೆ, ಒಂದು ಬಿಲ. ಈ ಮಾತನ್ನು ನೆನಪಿಡಿ. ಮೊರೆಯ ವಿಚಿತ್ರಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಇದರಲ್ಲೇ ಇದೆ.

ಜೇನುಹಟ್ಟಿಯ ಚಿತ್ತಾರ

ಮೊರೆಗಳಲ್ಲಿ ಬಹಳ ಚೆಂದದ ಒಂದು ಜಾತಿಯನ್ನು ಹತ್ತಿರದಿಂದ ನೋಡೋಣ. ಇದರ ಹೆಸರು ಜೇನುಹಟ್ಟಿ ಮೊರೆ. ವೈಜ್ಞಾನಿಕ ಹೆಸರು ಜಿಮ್ನೊಥೊರಾಕ್ಸ್ ಫೆವಜಿನಿಯಸ್. ಜರ್ಮನಿಯ ಬ್ಲಾಕ್ ಮತ್ತು ಷ್ನೈಡರ್ ಎಂಬ ವಿದ್ವಾಂಸರ ಗ್ರಂಥದಲ್ಲಿ 1801ರಲ್ಲಿ ಈ ಹೆಸರು ಪ್ರಕಟವಾಯಿತು. ಲ್ಯಾಟಿನ್ ಭಾಷೆಯಲ್ಲಿ 'ಫೇವಸ್' ಎಂದರೆ ಜೇನುಹಟ್ಟಿ.

ಈ ಮೀನಿನ ಮೈಬಣ್ಣ ಬಿಳಿ ಅಥವಾ ತಿಳಿ ಹಳದಿ. ಅದರ ಮೇಲೆ ತಲೆಯಿಂದ ಬಾಲದ ತುದಿಯವರೆಗೆ ಕಪ್ಪು ಮಚ್ಚೆಗಳು ಒತ್ತೊತ್ತಾಗಿ ಕೂತಿವೆ. ಮಚ್ಚೆಗಳ ನಡುವೆ ಉಳಿದ ಬಿಳಿಯ ಗೆರೆಗಳು ಬಲೆಯಂತೆ ಹೆಣೆದುಕೊಂಡಿವೆ. ದೂರದಿಂದ ನೋಡಿದರೆ ಜೇನುಹಟ್ಟಿಯ ಕೋಣೆಗಳ ಹಾಗೆಯೇ ಕಾಣುತ್ತದೆ. ಮರಿಯಾಗಿದ್ದಾಗ ಮಚ್ಚೆಗಳು ಕಡಿಮೆ, ಆದರೆ ದೊಡ್ಡವು. ಬೆಳೆದಂತೆ ಅವುಗಳ ಸಂಖ್ಯೆ ಹೆಚ್ಚುತ್ತದೆ. ತಿಳಿನೀರಿನ ಹವಳದ ದಿಬ್ಬಗಳಲ್ಲಿರುವ ಮೀನುಗಳಲ್ಲಿ ಕಪ್ಪು ಕಡಿಮೆ. ಕದಡಿದ ನೀರಿನಲ್ಲಿರುವ ಮೀನುಗಳಲ್ಲಿ ಕಪ್ಪು ಹೆಚ್ಚು. ಅಂಥ ಕೆಲವು ಮೀನುಗಳು ಪೂರ್ತಿ ಕಪ್ಪಾಗಿಯೇ ಕಾಣಬಹುದು.

ಇದು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಮೀಟರ್ ಉದ್ದವಿರುತ್ತದೆ. 3 ಮೀಟರ್‌ವರೆಗೂ ಬೆಳೆಯಬಲ್ಲದು. ನಿಮ್ಮ ತರಗತಿಯ ಕರಿಹಲಗೆಯ ಉದ್ದವನ್ನು ಅಳೆದು ನೋಡಿ, ಆಗ ಅಂದಾಜು ಸಿಗುತ್ತದೆ. ಆಫ್ರಿಕಾದ ಪೂರ್ವ ಕರಾವಳಿಯಿಂದ ಭಾರತದ ಕಡಲುಗಳನ್ನು ಹಾದು ಪಪುವಾ ನ್ಯೂಗಿನಿಯವರೆಗೂ ಈ ಜಾತಿ ಹರಡಿದೆ. ಸಮುದ್ರದ ಮೇಲ್ಮಟ್ಟದ ಸಮೀಪದಿಂದ ಸುಮಾರು 50 ಮೀಟರ್ ಆಳದವರೆಗೆ ಬಂಡೆಯ ಸಂದುಗಳಲ್ಲಿ ವಾಸಿಸುತ್ತದೆ. ಹಗಲಿನಲ್ಲಿ ಬಿಲದಲ್ಲಿದ್ದು ರಾತ್ರಿ ಬೇಟೆಗೆ ಹೊರಡುವುದು ಇದರ ರೂಢಿ. ಚಿಕ್ಕ ಮೀನುಗಳು, ಆಕ್ಟೋಪಸ್ ಮತ್ತು ಅದರ ಬಳಗದ ಮೃದ್ವಂಗಿಗಳು ಇದರ ಆಹಾರ.

ಬಾಯಿ ಏಕೆ ತೆರೆದಿದೆ?

ಮೊರೆಯ ಚಿತ್ರಗಳನ್ನು ನೋಡಿದರೆ ಹೆಚ್ಚಿನವುಗಳಲ್ಲಿ ಅದು ಬಾಯಿ ತೆರೆದು ಹಲ್ಲು ತೋರಿಸುತ್ತಿರುತ್ತದೆ. ಬಾಯಿ ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಸಿಟ್ಟಿನಿಂದ ಹೆದರಿಸುತ್ತಿದೆ ಎಂದು ನೋಡಿದವರಿಗೆ ಅನ್ನಿಸುತ್ತದೆ. ನಿಜವಾಗಿ ಅದು ಮಾಡುತ್ತಿರುವುದು ಉಸಿರಾಟ!

ಬೇರೆ ಮೀನುಗಳು ಹೇಗೆ ಉಸಿರಾಡುತ್ತವೆ ಎಂಬುದನ್ನು ಮೊದಲು ತಿಳಿಯೋಣ. ಕೆರೆಯ ಕಾಟ್ಲಾ ಅಥವಾ ರೋಹು ಮೀನಿನ ಕೆನ್ನೆಯ ಮೇಲೆ ಅಗಲವಾದ ಮುಚ್ಚಳವೊಂದು ಇರುತ್ತದೆ. ಇದೇ ಕಿವಿರು ಮುಚ್ಚಳ. ಮೀನು ಬಾಯಿ ತೆರೆದಾಗ ನೀರು ಒಳಗೆ ಬರುತ್ತದೆ. ಬಾಯಿ ಮುಚ್ಚಿದಾಗ ಮುಚ್ಚಳ ತೆರೆದು ನೀರು ಕಿವಿರುಗಳ ಮೇಲೆ ಹರಿದು ಹೊರಹೋಗುತ್ತದೆ. ಬಾಯಿ ಮತ್ತು ಮುಚ್ಚಳ ಎರಡೂ ಸೇರಿ ಪಂಪಿನಂತೆ ಕೆಲಸ ಮಾಡುತ್ತವೆ.

ಮೊರೆಗೆ ಅಂಥ ಅಗಲವಾದ ಮುಚ್ಚಳವಿಲ್ಲ. ತಲೆಯ ಹಿಂದೆ ಎರಡೂ ಪಕ್ಕದಲ್ಲಿ ಒಂದೊಂದು ಸಣ್ಣ ದುಂಡನೆಯ ರಂಧ್ರ ಮಾತ್ರ ಇದೆ. ಆದ್ದರಿಂದ ನೀರನ್ನು ತಳ್ಳುವ ಕೆಲಸವನ್ನು ಅದು ಬಾಯಿಯಿಂದಲೇ ಹೆಚ್ಚಾಗಿ ಮಾಡಬೇಕು. ಬಾಯಿ ತೆರೆದು ಮುಚ್ಚುವುದನ್ನು ನಿಲ್ಲಿಸಿದರೆ ಅದರ ಉಸಿರೇ ನಿಲ್ಲುತ್ತದೆ. ನಾವು ಉಸಿರಾಡುವಾಗ ನಮ್ಮ ಎದೆ ಏರಿಳಿಯುವುದಿಲ್ಲವೇ? ಅದನ್ನು ಕಂಡು ಯಾರಾದರೂ ನಮಗೆ ಸಿಟ್ಟು ಬಂದಿದೆ ಎಂದರೆ ಹೇಗಿರುತ್ತದೆ! ಮೊರೆಯ ವಿಷಯದಲ್ಲಿ ಮನುಷ್ಯರು ಬಹುಕಾಲ ಇದೇ ತಪ್ಪು ತೀರ್ಮಾನ ಮಾಡಿದ್ದಾರೆ.

ಬಿಲಕ್ಕೆ ತಕ್ಕ ಮೈ

ಹೆಚ್ಚಿನ ಮೀನುಗಳಿಗೆ ಎದೆಯ ಬಳಿ ಒಂದು ಜೊತೆ, ಹೊಟ್ಟೆಯ ಬಳಿ ಒಂದು ಜೊತೆ ಈಜುರೆಕ್ಕೆಗಳಿರುತ್ತವೆ. ಮೊರೆಗೆ ಈ ಎರಡು ಜೊತೆಯೂ ಇಲ್ಲ. ಇಕ್ಕಟ್ಟಾದ ಸಂದಿನಲ್ಲಿ ನುಗ್ಗುವಾಗ ಪಕ್ಕಕ್ಕೆ ಚಾಚಿದ ರೆಕ್ಕೆಗಳು ಬಂಡೆಗೆ ಸಿಕ್ಕಿಕೊಳ್ಳುತ್ತವೆ. ಮೊರೆಗೆ ಇರುವುದು ಬೆನ್ನಿನ ಮೇಲೆ ಉದ್ದಕ್ಕೆ ಓಡುವ ಒಂದು ರೆಕ್ಕೆ. ಅದು ಬಾಲವನ್ನು ಸುತ್ತಿ ಹೊಟ್ಟೆಯ ಕೆಳಗಿನ ರೆಕ್ಕೆಯನ್ನು ಸೇರುತ್ತದೆ. ಮೈಯನ್ನು ಅಲೆಅಲೆಯಾಗಿ ಬಳುಕಿಸಿ ಮೊರೆ ಈಜುತ್ತದೆ. ಬೇಕೆಂದರೆ ಹಿಂದಕ್ಕೂ ಸರಿಯುತ್ತದೆ. ಬಿಲದಲ್ಲಿರುವ ಜೀವಿಗೆ ಇದು ಬಹಳ ಉಪಯೋಗಿ.

ಮೊರೆಯ ಮೈಮೇಲೆ ಹುರುಪೆಗಳಿಲ್ಲ. ದಪ್ಪ ಚರ್ಮ, ಅದರ ಮೇಲೆ ಲೋಳೆ ಇದೆ. ಒರಟಾದ ಬಂಡೆಗೆ ಉಜ್ಜಿ ಮೈ ಗಾಯವಾಗದಂತೆ ಲೋಳೆ ಕಾಪಾಡುತ್ತದೆ. ಮರಳಿನಲ್ಲಿ ಬಿಲ ಮಾಡುವ ಕೆಲವು ಜಾತಿಗಳಲ್ಲಿ ಲೋಳೆಗೆ ಇನ್ನೊಂದು ಕೆಲಸವಿದೆ. ಅದು ಮರಳಿನ ಕಣಗಳನ್ನು ಅಂಟಿಸಿ ಬಿಲದ ಗೋಡೆ ಕುಸಿಯದಂತೆ ಹಿಡಿದಿಡುತ್ತದೆ. ಮಣ್ಣಿನ ಗೋಡೆಗೆ ಸಗಣಿ ಸಾರಿಸುವ ಹಾಗೆ ಎನ್ನಬಹುದು.

ಮೊರೆಯ ಕಣ್ಣು ಚಿಕ್ಕದು, ದೃಷ್ಟಿ ಅಷ್ಟು ಚುರುಕಲ್ಲ. ಕತ್ತಲೆಯ ಬಿಲದಲ್ಲಿ ಕಣ್ಣಿಗಿಂತ ಮೂಗು ಹೆಚ್ಚು ಕೆಲಸಕ್ಕೆ ಬರುತ್ತದೆ. ಮೂತಿಯ ತುದಿಯಲ್ಲಿ ಎರಡು ಪುಟ್ಟ ಕೊಳವೆಗಳು ಮುಂದಕ್ಕೆ ಚಾಚಿಕೊಂಡಿವೆ. ಇವು ಅದರ ಮೂಗಿನ ಹೊಳ್ಳೆಗಳು. ನೀರಿನಲ್ಲಿ ತೇಲಿ ಬರುವ ವಾಸನೆಯನ್ನು ಹಿಡಿದು ಮೊರೆ ರಾತ್ರಿಯಲ್ಲಿ ಬೇಟೆಯನ್ನು ಪತ್ತೆಮಾಡುತ್ತದೆ.

ಗಂಟಲಿನಲ್ಲೊಂದು ಜೊತೆ ದವಡೆ

ಈಗ ಮೊರೆಯ ಅತಿ ದೊಡ್ಡ ವಿಶೇಷಕ್ಕೆ ಬರೋಣ. ಮೀನಿಗೆ ಕೈಗಳಿಲ್ಲ. ಬಾಯಿಗೆ ಸಿಕ್ಕ ಆಹಾರವನ್ನು ಅದು ಗಂಟಲಿಗೆ ಸಾಗಿಸುವುದು ಹೇಗೆ? ಹೆಚ್ಚಿನ ಮೀನುಗಳು ಹೀರುತ್ತವೆ. ಬಾಯಿಯ ಒಳಭಾಗವನ್ನು ಥಟ್ಟನೆ ಹಿಗ್ಗಿಸುತ್ತವೆ. ಆಗ ನೀರು ರಭಸದಿಂದ ಒಳನುಗ್ಗುತ್ತದೆ. ನೀರಿನ ಜೊತೆಗೆ ಆಹಾರವೂ ಒಳಗೆ ಬರುತ್ತದೆ.

ಮೊರೆಯ ತಲೆ ಕಿರಿದು. ಬಂಡೆಯ ಸಂದಿನಲ್ಲಿ ತಲೆ ಹಿಗ್ಗಿಸಲು ಜಾಗವೂ ಇಲ್ಲ. ಹಾಗಾಗಿ ಅದು ಜೋರಾಗಿ ಹೀರಲಾರದು. ಆದರೂ ದೊಡ್ಡ ಬೇಟೆಯನ್ನು ನುಂಗುತ್ತದೆ. ಹೇಗೆ?

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ರೀಟಾ ಮೆಹ್ತಾ ಮತ್ತು ಪೀಟರ್ ವೇಯ್ನ್‌ರೈಟ್ 2007ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಮೊರೆ ಆಹಾರ ತಿನ್ನುವುದನ್ನು ಅವರು ಬಹು ವೇಗದ ಕ್ಯಾಮೆರಾದಲ್ಲಿ ಚಿತ್ರಿಸಿದರು. ಕ್ಷ-ಕಿರಣಗಳ ನೆರವಿನಿಂದ ತಲೆಯ ಒಳಗಿನ ಮೂಳೆಗಳನ್ನೂ ಪರೀಕ್ಷಿಸಿದರು. ಮೊರೆಯ ಗಂಟಲಿನಲ್ಲಿ ಚೂಪು ಹಲ್ಲುಗಳಿರುವ ಎರಡನೆಯ ಜೊತೆ ದವಡೆಗಳಿವೆ. ಮುಂದಿನ ದವಡೆಗಳು ಬೇಟೆಯನ್ನು ಕಚ್ಚಿ ಹಿಡಿದ ಕೂಡಲೇ ಗಂಟಲಿನ ದವಡೆಗಳು ಸರ್ರನೆ ಮುಂದಕ್ಕೆ ಬಾಯಿಯೊಳಗೆ ಚಾಚುತ್ತವೆ. ಬೇಟೆಯನ್ನು ಕಚ್ಚಿ ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಇಳಿಬಿಟ್ಟು ಮೇಲೆಳೆಯುತ್ತೇವಲ್ಲ, ಸ್ವಲ್ಪ ಹಾಗೆಯೇ.

ಗಂಟಲಿನಲ್ಲಿ ಹಲ್ಲುಗಳಿರುವ ಮೀನುಗಳು ಬೇರೆಯೂ ಇವೆ. ನಮ್ಮ ಕಾಟ್ಲಾ, ರೋಹುಗಳಿಗೂ ಗಂಟಲ ಹಲ್ಲುಗಳಿವೆ. ಅವು ಇದ್ದಲ್ಲೇ ಇದ್ದು ಆಹಾರವನ್ನು ಅರೆಯುತ್ತವೆ. ಬಾಯಿಯವರೆಗೆ ಬಂದು ಬೇಟೆಯನ್ನು ಹಿಡಿದೆಳೆಯುವ ಗಂಟಲ ದವಡೆ ಮೊರೆಯದು. ಹಾವಿಗೂ ಮೊರೆಗೂ ಹತ್ತಿರದ ನೆಂಟಸ್ತಿಕೆ ಇಲ್ಲದಿದ್ದರೂ ಒಂದು ಹೋಲಿಕೆ ಇದೆ. ಹಾವು ಎಡ ಬಲ ದವಡೆಗಳನ್ನು ಒಂದಾದ ಮೇಲೊಂದರಂತೆ ಮುಂದಿಟ್ಟು ಬೇಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇಬ್ಬರೂ ತಮ್ಮದೇ ದಾರಿಯಲ್ಲಿ ಒಂದೇ ಸಮಸ್ಯೆಯನ್ನು ಬಿಡಿಸಿಕೊಂಡಿದ್ದಾರೆ.

ಈ ದವಡೆಗಳಿಂದ ಇನ್ನೊಂದು ಲಾಭವೂ ಇದೆ. ಹೀರಿ ತಿನ್ನುವ ಮೀನಿಗೆ ನೀರು ಬೇಕೇ ಬೇಕು. ಎಳೆದುಕೊಂಡು ತಿನ್ನುವ ಮೀನಿಗೆ ನೀರಿಲ್ಲದಿದ್ದರೂ ನಡೆಯುತ್ತದೆ. ಏಡಿ ತಿನ್ನುವ ಸ್ನೋಫ್ಲೇಕ್ ಮೊರೆ ಎಂಬ ಜಾತಿ ನೀರಿನಿಂದ ಹೊರಬಂದು, ನೆಲದ ಮೇಲೆಯೇ ಆಹಾರವನ್ನು ಹಿಡಿದು ನುಂಗಬಲ್ಲದು ಎಂದು ರೀಟಾ ಮೆಹ್ತಾ ಮತ್ತು ಅವರ ಸಂಗಡಿಗರು 2021ರಲ್ಲಿ ತೋರಿಸಿಕೊಟ್ಟರು.

ಬೇಟೆ ನುಂಗಲಾಗದಷ್ಟು ದೊಡ್ಡದಾಗಿದ್ದರೆ? ಆಗ ಮೊರೆ ತನ್ನ ಮೈಗೇ ಗಂಟು ಹಾಕಿಕೊಳ್ಳುತ್ತದೆ! ಬಾಲದ ಕಡೆ ಗಂಟು ಹಾಕಿ, ಅದನ್ನು ತಲೆಯವರೆಗೆ ಜಾರಿಸುತ್ತದೆ. ಗಂಟನ್ನು ಬೇಟೆಗೆ ಒತ್ತಿಹಿಡಿದು ತಲೆಯನ್ನು ಹಿಂದಕ್ಕೆ ಜಗ್ಗಿದಾಗ ಮಾಂಸದ ತುಂಡು ಕಿತ್ತು ಬರುತ್ತದೆ.

ಜೊತೆ ಸೇರಿ ಬೇಟೆ

ಹೊಲ ಉಳುವಾಗ ಬೆಳ್ಳಕ್ಕಿಗಳು ನೇಗಿಲಿನ ಹಿಂದೆ, ಟ್ರ್ಯಾಕ್ಟರಿನ ಹಿಂದೆ ಬರುವುದನ್ನು ನೀವು ಬಲ್ಲಿರಿ. ಮಣ್ಣು ಮಗುಚಿದಾಗ ಹೊರಬೀಳುವ ಹುಳುಗಳು ಅವುಗಳಿಗೆ ಸಿಗುತ್ತವೆ. ಸಮುದ್ರದಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಗೆಳೆತನವಿದೆ.

ಗ್ರೂಪರ್ ಎಂಬ ದೊಡ್ಡ ಮೀನು ಹಗಲಿನಲ್ಲಿ ಬಯಲು ನೀರಿನಲ್ಲಿ ಬೇಟೆಯಾಡುತ್ತದೆ. ಬೇಟೆಯ ಮೀನು ಹವಳದ ಸಂದಿಗೆ ನುಗ್ಗಿದರೆ ಗ್ರೂಪರ್‌ನ ದಪ್ಪ ಮೈ ಅಲ್ಲಿಗೆ ಹೋಗದು. ಆಗ ಅದು ದೈತ್ಯ ಮೊರೆಯ ಬಿಲದ ಬಳಿಗೆ ಹೋಗಿ, ಮೊರೆಯ ಮುಖದೆದುರು ತನ್ನ ತಲೆಯನ್ನು ಬೇಗಬೇಗ ಅಲುಗಿಸುತ್ತದೆ. ಎಷ್ಟೋ ಸಲ ಮೊರೆ ಬಿಲ ಬಿಟ್ಟು ಗ್ರೂಪರ್‌ನ ಜೊತೆಗೆ ಹೊರಡುತ್ತದೆ. ಮೊರೆ ಸಂದುಗಳಲ್ಲಿ ನುಸುಳಿ ಹುಡುಕುತ್ತದೆ. ಗ್ರೂಪರ್ ಹೊರಗೆ ಕಾಯುತ್ತದೆ. ಬೇಟೆಯ ಮೀನಿಗೆ ಈಗ ಒಳಗೂ ಅಪಾಯ, ಹೊರಗೂ ಅಪಾಯ. ಒಳಗೆ ಉಳಿದರೆ ಮೊರೆಗೆ, ಹೊರಗೆ ಓಡಿದರೆ ಗ್ರೂಪರ್‌ಗೆ ಆಹಾರ! ಸಿಕ್ಕಿದ್ದನ್ನು ಇಬ್ಬರೂ ಹಂಚಿಕೊಳ್ಳುವುದಿಲ್ಲ, ಹಿಡಿದವರು ನುಂಗುತ್ತಾರೆ. ಆದರೂ ಒಂಟಿಯಾಗಿ ಹೋಗುವುದಕ್ಕಿಂತ ಜೊತೆಯಾಗಿ ಹೋದಾಗ ಇಬ್ಬರಿಗೂ ಹೆಚ್ಚು ಆಹಾರ ಸಿಗುತ್ತದೆ. ರೆಡುವಾನ್ ಬಷಾರಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಕೆಂಪು ಸಮುದ್ರದಲ್ಲಿ ಇದನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದರು. ಬೇರೆ ಬೇರೆ ಜಾತಿಯ ಎರಡು ಮೀನುಗಳು ಹೀಗೆ ಸನ್ನೆಯಿಂದ ಕರೆದು ಒಟ್ಟಿಗೆ ಬೇಟೆಗೆ ಹೋಗುತ್ತವೆ ಎಂಬುದು ಆಗ ಎಲ್ಲರಿಗೂ ಅಚ್ಚರಿಯ ಸುದ್ದಿಯಾಯಿತು.

ಇನ್ನೊಂದು ಗೆಳೆತನ ನೋಡಿ. ಎಮ್ಮೆಯ ಮೈಮೇಲಿನ ಉಣ್ಣೆಗಳನ್ನು ಕಾಗೆ, ಗೊರವಂಕಗಳು ಹೆಕ್ಕುತ್ತವಲ್ಲವೇ? ಹಾಗೆಯೇ ಬೆರಳುದ್ದದ ಕೆಲವು ಮೀನುಗಳೂ ಸೀಗಡಿಗಳೂ ಮೊರೆಯ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತವೆ. ಅವು ಮೊರೆಯ ತೆರೆದ ಬಾಯೊಳಗೂ ಹೋಗಿ ಬರುತ್ತವೆ. ಮೊರೆ ಸುಮ್ಮನೆ ಇರುತ್ತದೆ. ಆ ಭಯಂಕರ ಬಾಯಿಯೇ ಪುಟ್ಟ ಸೀಗಡಿಗೆ ಊಟದ ತಟ್ಟೆ!

ಎಲೆಯಂಥ ಮರಿ

ಮೊರೆಯ ಮೊಟ್ಟೆಗಳು ನೀರಿನಲ್ಲಿ ತೇಲುತ್ತವೆ. ಅವುಗಳಿಂದ ಹೊರಬರುವ ಮರಿ ತಾಯಿಯಂತೆ ಇರುವುದೇ ಇಲ್ಲ. ಅದು ಚಪ್ಪಟೆಯಾದ ಎಲೆಯಂತಿದ್ದು ಗಾಜಿನಂತೆ ಪಾರದರ್ಶಕವಾಗಿರುತ್ತದೆ. ಸಮುದ್ರದ ಹರಿವಿನಲ್ಲಿ ತಿಂಗಳುಗಟ್ಟಲೆ ತೇಲಿ, ಕೊನೆಗೆ ರೂಪ ಬದಲಿಸಿ, ಎಲ್ಲಾದರೂ ಒಂದು ಸಂದು ಹುಡುಕಿಕೊಂಡು ನೆಲೆಸುತ್ತದೆ. ಕಂಬಳಿಹುಳು ಚಿಟ್ಟೆಯಾಗುವುದನ್ನು ನೀವು ಓದಿದ್ದೀರಿ. ಇದೂ ಅಂಥ ರೂಪ ಪರಿವರ್ತನೆಯೇ. ಎಲ್ಲ ನಿಜವಾದ ಹಾವುಮೀನುಗಳ ಮರಿಗಳೂ ಹೀಗೆಯೇ ಇರುತ್ತವೆ. ಹಿಂದೆ ವಿಜ್ಞಾನಿಗಳು ಈ ಮರಿಗಳನ್ನು ಬೇರೆಯೇ ಜಾತಿಯ ಮೀನುಗಳೆಂದು ತಿಳಿದು ಅವುಗಳಿಗೆ ಪ್ರತ್ಯೇಕ ಹೆಸರನ್ನೂ ಇಟ್ಟಿದ್ದರು.

ಮೊರೆಯ ನೆಂಟನೊಂದು ನಮ್ಮ ಕಾವೇರಿ ನದಿಯಲ್ಲೂ ಇದೆ. ಮಚ್ಚೆಗಳಿರುವ ಈ ಸಿಹಿನೀರಿನ ಹಾವುಮೀನು ಬೆಳೆಯುವುದು ನದಿಯಲ್ಲಿ, ಮೊಟ್ಟೆಯಿಡಲು ಹೋಗುವುದು ಸಮುದ್ರಕ್ಕೆ. ಇದರ ಮರಿಗಳು ಮತ್ತೆ ನದಿ ಏರಿ ಬರಬೇಕು. ದಾರಿಯಲ್ಲಿ ಎತ್ತರದ ಅಣೆಕಟ್ಟುಗಳಿದ್ದರೆ ಈ ಪ್ರಯಾಣಕ್ಕೆ ತಡೆಯಾಗುತ್ತದೆ. ಹೇಮಾವತಿಯ ನೀರು ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ ಎಂದು ಭೂಪಟದಲ್ಲಿ ನೋಡುತ್ತೇವೆ. ಈ ಮೀನಿನ ಪಾಲಿಗೆ ಅದು ಬರೀ ಭೂಪಟದ ಗೆರೆಯಲ್ಲ, ಮನೆಗೆ ಹೋಗುವ ದಾರಿ.

ಮೊರೆ ಅಪಾಯಕಾರಿಯೇ?

ಮೊರೆಗೆ ನಾಗರಹಾವಿನಂತೆ ವಿಷದ ಹಲ್ಲುಗಳಿಲ್ಲ. ಅದು ಮನುಷ್ಯರನ್ನು ಹುಡುಕಿಕೊಂಡು ಬಂದು ಕಚ್ಚುವುದೂ ಇಲ್ಲ. ಆದರೆ ಅದರ ಬಿಲಕ್ಕೆ ಕೈ ಹಾಕಿದರೆ, ಅದನ್ನು ಕೆಣಕಿದರೆ ಕಚ್ಚುತ್ತದೆ. ಹಲ್ಲುಗಳು ಚೂಪಾಗಿರುವುದರಿಂದ ಗಾಯ ಆಳವಾಗುತ್ತದೆ, ಕೀವು ತುಂಬುವ ಸಂಭವವೂ ಇದೆ. ಮೋಜಿಗಾಗಿ ಕೈಯಿಂದ ತಿಂಡಿ ತಿನ್ನಿಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ದೃಷ್ಟಿ ಮಂದವಾಗಿರುವ ಮೊರೆಗೆ ತಿಂಡಿ ಯಾವುದು, ಬೆರಳು ಯಾವುದು ಎಂಬುದು ತಿಳಿಯದು. ಇಲ್ಲಿ ತಪ್ಪು ಯಾರದು, ನೀವೇ ಹೇಳಿ.

ದೊಡ್ಡ ಮೊರೆಯನ್ನು ತಿನ್ನುವುದರಲ್ಲೂ ಅಪಾಯವಿದೆ. ಹವಳದ ದಿಬ್ಬಗಳಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಯಲ್ಲಿ ವಿಷವಿರುತ್ತದೆ. ಪಾಚಿಯ ಜೊತೆ ಅದನ್ನು ಚಿಕ್ಕ ಮೀನುಗಳು ತಿನ್ನುತ್ತವೆ. ಚಿಕ್ಕ ಮೀನುಗಳನ್ನು ದೊಡ್ಡ ಮೀನುಗಳು ತಿನ್ನುತ್ತವೆ. ಆಹಾರ ಸರಪಳಿಯ ಮೇಲಿನ ಕೊಂಡಿಯಾದ ಮೊರೆಯ ಮೈಯಲ್ಲಿ ವಿಷ ಸಂಗ್ರಹವಾಗುತ್ತ ಹೋಗುತ್ತದೆ. ಬೇಯಿಸಿದರೂ ಇದು ನಾಶವಾಗುವುದಿಲ್ಲ. ಇದರಿಂದ ಬರುವ ಕಾಯಿಲೆಯ ಹೆಸರು ಸಿಗ್ವಟೆರಾ. ಮೊರೆ ಒಂದೇ ಅಲ್ಲ, ಹವಳದ ದಿಬ್ಬಗಳ ಬೇರೆ ದೊಡ್ಡ ಮೀನುಗಳಿಂದಲೂ ಇದು ಬರಬಹುದು. 2016ರಲ್ಲಿ ಮಂಗಳೂರಿನಲ್ಲಿ ಸ್ನ್ಯಾಪರ್ ಎಂಬ ಕೆಂಪು ಮೀನನ್ನು ತಿಂದ ಅನೇಕರು ಈ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು.

ಸಂದು ಉಳಿದರೆ ಮೊರೆ ಉಳಿದೀತು

ಹವಳ ಎಂದರೆ ಕಲ್ಲಲ್ಲ. ಅಸಂಖ್ಯ ಪುಟ್ಟ ಪ್ರಾಣಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ. ಸಮುದ್ರದ ನೀರು ಹೆಚ್ಚು ಬಿಸಿಯಾದರೆ ಹವಳಗಳು ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತವೆ. ಬಿಸಿ ಬಹಳ ದಿನ ಮುಂದುವರಿದರೆ ಸಾಯುತ್ತವೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಹವಳಗಳು ಬಿಳಿಚಿಕೊಂಡವು. ಸತ್ತ ಹವಳ ಕ್ರಮೇಣ ಮುರಿದು ಪುಡಿಯಾಗುತ್ತದೆ. ಆಗ ಅದರಲ್ಲಿದ್ದ ಸಂದುಗಳೂ ಇಲ್ಲವಾಗುತ್ತವೆ. ಹಡಗು ದೋಣಿಗಳ ಲಂಗರು ಬಿದ್ದು, ಬಲೆಗಳು ಸಿಕ್ಕಿ ಜಗ್ಗಿ ಹವಳ ಮುರಿದರೂ ಪರಿಣಾಮ ಇದೇ. ಭಾರತದಲ್ಲಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಕೀಳುವುದು, ಮಾರುವುದು ಅಪರಾಧ.

ನಮ್ಮ ಸಮುದ್ರಗಳ ಮೊರೆಗಳನ್ನೆಲ್ಲ ನಾವು ಇನ್ನೂ ಎಣಿಸಿ ಮುಗಿಸಿಲ್ಲ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ವಿಜ್ಞಾನಿಗಳು 2015, 2016 ಮತ್ತು 2017ರಲ್ಲಿ ಬಂಗಾಳ ಕೊಲ್ಲಿಯಿಂದ ಹೊಸ ಜಾತಿಯ ಮೊರೆಗಳನ್ನು ವಿವರಿಸಿದ್ದಾರೆ. ಹೆಸರಿಡುವ ಮೊದಲೇ ಒಂದು ಜೀವಿಯ ಮನೆ ಹಾಳಾದರೆ ಅದು ಇತ್ತೆಂಬುದೂ ನಮಗೆ ತಿಳಿಯುವುದಿಲ್ಲ.

ಮಾಡಿ ನೋಡಿ

1. ಬಕೆಟ್ಟಿನಲ್ಲಿ ನೀರು ತುಂಬಿ ಎಲೆಯ ಸಣ್ಣ ಚೂರುಗಳನ್ನು ಹಾಕಿ. ಮೆತ್ತನೆಯ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಕೈಯಲ್ಲಿ ಅಮುಕಿ ಹಿಡಿದು ನೀರಿನೊಳಗೆ ಇಳಿಸಿ. ಬಾಟಲಿಯ ಬಾಯನ್ನು ಎಲೆಯ ಚೂರಿನ ಹತ್ತಿರ ತಂದು ಹಿಡಿತ ಸಡಿಲಿಸಿ. ಚೂರು ಒಳಗೆ ನುಗ್ಗುವುದನ್ನು ನೋಡಿ. ಹೆಚ್ಚಿನ ಮೀನುಗಳು ಆಹಾರವನ್ನು ಹೀರುವುದು ಹೀಗೆ. ಈಗ ಮತ್ತೆ ಬಾಟಲಿಯ ನೀರು ಚೆಲ್ಲಿ, ಅಮುಕಿ, ಬಕೆಟ್ಟಿಗೆ ಇಳಿಸಿ. ಈ ಬಾರಿ ಹಿಡಿತ ಸಡಿಲಿಸಬೇಡಿ. ನಿಮ್ಮ ಕೈಯೇ ಬಂಡೆಯ ಸಂದು ಎಂದುಕೊಳ್ಳಿ. ಚೂರು ಒಳಗೆ ನುಗ್ಗುತ್ತದೆಯೇ? ಮೊರೆಗೆ ಗಂಟಲ ದವಡೆ ಏಕೆ ಬೇಕಾಯಿತು ಎಂದು ಈಗ ನಿಮ್ಮ ಮಾತಿನಲ್ಲೇ ಬರೆಯಿರಿ.

2. ಕೆರೆಯ ಒಂದು ಪುಟ್ಟ ಮೀನನ್ನು ಅದೇ ಕೆರೆಯ ನೀರು ತುಂಬಿದ ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ಸ್ವಲ್ಪ ಹೊತ್ತು ಇಡಿ. ಕೆರೆಯ ಬಳಿಗೆ ಶಿಕ್ಷಕರ ಜೊತೆಯಲ್ಲೇ ಹೋಗಿ. ಮೀನು ಒಂದು ನಿಮಿಷದಲ್ಲಿ ಎಷ್ಟು ಸಲ ಬಾಯಿ ತೆರೆಯುತ್ತದೆ, ಎಷ್ಟು ಸಲ ಕಿವಿರು ಮುಚ್ಚಳ ಅಲುಗುತ್ತದೆ ಎಂದು ಎಣಿಸಿ. ನಂತರ ನಿಮ್ಮ ಉಸಿರಾಟವನ್ನೂ ಎಣಿಸಿ ಹೋಲಿಸಿ. ನೋಡಿಯಾದ ಕೂಡಲೇ ಮೀನನ್ನು ಕೆರೆಗೆ ಬಿಟ್ಟುಬಿಡಿ.

3. ಹಾವಿನಂತಹ ಯಾವುದೇ ಜೀವಿ ಕಂಡರೆ ದೂರದಲ್ಲೇ ನಿಲ್ಲಿ, ಮುಟ್ಟಬೇಡಿ, ಹೊಡೆಯಲೂ ಬೇಡಿ. ದೂರದಿಂದಲೇ ಗಮನಿಸಿ: ಈಜುರೆಕ್ಕೆ ಇದೆಯೇ? ಗಾಳಿಗಾಗಿ ತಲೆ ಮೇಲೆತ್ತುತ್ತದೆಯೇ? ಮೈಮೇಲೆ ಹುರುಪೆಗಳಿವೆಯೇ? ನಿಮ್ಮ ಉತ್ತರಗಳನ್ನು ಬರೆದಿಟ್ಟು ತರಗತಿಯಲ್ಲಿ ಚರ್ಚಿಸಿ. ಅದು ಹಾವೋ, ಮೀನೋ ಎಂಬುದನ್ನು ಆ ಉತ್ತರಗಳೇ ಹೇಳುತ್ತವೆ.